ಹೀಬ್ರೂ ಕೇಳಿದರೆ ಗುರುತು ಸಿಗುತ್ತದೆಯೇ?

1492ರ ನವೆಂಬರ್ 2ರಂದು ಕೊಲಂಬಸ್ ಕ್ಯೂಬಾದ ಕರಾವಳಿಯಿಂದ ತನ್ನ ಇಬ್ಬರು ಜನರನ್ನು ಒಳನಾಡಿಗೆ ಕಳಿಸಿದ. ತಾನು ಏಷ್ಯಾ ಮುಟ್ಟಿದ್ದೇನೆ, ಒಳಗೆಲ್ಲೋ ಮಹಾಖಾನನ ಆಡಳಿತವಿದೆ ಎಂಬ ನಂಬಿಕೆ ಅವನದು. ಹೋದವರಲ್ಲಿ ಒಬ್ಬ ದುಭಾಷಿ, ಹೆಸರು ಲೂಯಿಸ್ ದೆ ತೊರೆಸ್. ಯಹೂದಿಯಾಗಿದ್ದು ಕ್ರೈಸ್ತನಾದವನು. ಹೀಬ್ರೂ, ಅರಮೇಯಿಕ್ ಮತ್ತು ಸ್ವಲ್ಪ ಅರಬ್ಬಿ ಬಲ್ಲವನೆಂದು ಕೊಲಂಬಸ್‌ನ ದಿನಚರಿ ಹೇಳುತ್ತದೆ. ಅದೇ ವರ್ಷದ ಮಾರ್ಚ್ ಕೊನೆಯಲ್ಲಿ ಸ್ಪೇನಿನ ರಾಜದಂಪತಿ ಯಹೂದಿಗಳನ್ನು ದೇಶದಿಂದ ಹೊರಹಾಕುವ ಆಜ್ಞೆ ಹೊರಡಿಸಿದ್ದರು. ಮತಾಂತರಗೊಂಡವನೊಬ್ಬ ತನ್ನ ನಾಡಿನಲ್ಲಿ ಬಹಿರಂಗವಾಗಿ ಆಡಿದರೆ ಅಪಾಯವಾಗಬಹುದಾಗಿದ್ದ ಭಾಷೆ, ಸಾಗರದಾಚೆ ಅಧಿಕೃತ ದುಭಾಷಿಯ ಭಾಷೆಯಾಗಿತ್ತು.

ಸುಮಾರು 50 ಮನೆಗಳ ಆ ಹಳ್ಳಿಯ ಜನ ಬಂದವರನ್ನು ಆದರದಿಂದ ಕಂಡರು. ಆದರೆ ತೊರೆಸ್ ಬಲ್ಲ ಯಾವ ಭಾಷೆಯೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ನಾಲ್ಕು ದಿನದೊಳಗೆ ಇಬ್ಬರೂ ಹಡಗಿಗೆ ಮರಳಿದರು.

ಇಂದು ಇದು ನಗೆ ತರಿಸಬಹುದು. ಆದರೆ ಆ ಕಾಲದ ಯುರೋಪಿನಲ್ಲಿ ಆದಾಮನು ಆಡಿದ ಭಾಷೆ ಹೀಬ್ರೂವೇ, ಬಾಬೆಲ್ ಗೋಪುರದ ಮೊದಲು ಮನುಷ್ಯರೆಲ್ಲರ ಭಾಷೆ ಅದೇ ಎಂದು ದೊಡ್ಡ ದೊಡ್ಡ ವಿದ್ವಾಂಸರೂ ನಂಬಿದ್ದರು. ಜಗತ್ತಿನಲ್ಲಿ ಇಷ್ಟು ಹೆಸರಾದ ಭಾಷೆಗಳು ಕಡಿಮೆ. ಹಾಗಿದ್ದರೂ ಅದು ಕಿವಿಗೆ ಬಿದ್ದಾಗ 'ಇದು ಹೀಬ್ರೂ' ಎನ್ನಬಲ್ಲ ಪರಕೀಯರು ಅಂದೂ ವಿರಳ, ಇಂದೂ ಹೆಚ್ಚಿಲ್ಲ. ಇದಕ್ಕೆ ಕಾರಣ ಆ ಭಾಷೆಯ ಚರಿತ್ರೆಯಲ್ಲೇ ಇದೆ.

ಹೀಬ್ರೂ ಸುಮಾರು 1700 ವರ್ಷ ಯಾರ ಮನೆಮಾತೂ ಆಗಿರಲಿಲ್ಲ. ಸತ್ತಿತ್ತು ಎನ್ನುವುದೂ ಸರಿಯಲ್ಲ. ಪ್ರಾರ್ಥನೆ, ಶಾಸ್ತ್ರಚರ್ಚೆ, ಕಾವ್ಯ, ಪತ್ರವ್ಯವಹಾರ ಎಲ್ಲವೂ ಅದರಲ್ಲಿ ನಡೆಯುತ್ತಿದ್ದವು. ಆದರೆ ಮಕ್ಕಳನ್ನು ಗದರಿಸುವ, ಮೀನಿನ ಬೆಲೆ ಕೇಳುವ ಮಾತು ಬೇರೆಯಾಗಿತ್ತು. ಹೊರಗಿನವರಿಗೆ ಹೀಬ್ರೂ ಸಿಕ್ಕಿದ್ದೂ ಪುಸ್ತಕದಲ್ಲೇ. ಜರ್ಮನಿಯ ಯೊಹಾನೆಸ್ ರಾಯ್ಖ್‌ಲಿನ್ 1506ರಲ್ಲಿ ಕ್ರೈಸ್ತ ವಿದ್ಯಾರ್ಥಿಗಳಿಗಾಗಿ ಹೀಬ್ರೂ ವ್ಯಾಕರಣವನ್ನು ಅಚ್ಚು ಹಾಕಿಸಿದ. ಅದರಿಂದ ಕಲಿತವರಿಗೆ ದಕ್ಕಿದ್ದು ಓದು, ಮಾತಲ್ಲ.

ಇದಕ್ಕೆ ಒಂದು ಹಳೆಯ ಸಾಕ್ಷಿ ಮಂಗಳೂರಿನಲ್ಲೇ ಇದೆ. 12ನೇ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಅಲ್ಲಿ ಸುಮಾರು 17 ವರ್ಷ ನೆಲೆಸಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ, ಮೆಣಸು ಅಡಿಕೆ ಸಾಗಿಸಿದ. ಅವನ ಕಾಗದಪತ್ರಗಳು ಹಳೆಯ ಕೈರೋದ ಸಿನಗಾಗ್ ಒಂದರ ಉಗ್ರಾಣದಲ್ಲಿ ಉಳಿದುಬಂದವು. ಅವುಗಳ ಲಿಪಿ ಹೀಬ್ರೂ. ಆದರೆ ವ್ಯಾಪಾರದ ಪತ್ರಗಳ ಭಾಷೆ ಅರಬ್ಬಿ. ಅವನ ಕಾಗದವನ್ನು ನೋಡಿದವರಿಗೆ ಹೀಬ್ರೂ ಕಂಡಿರಬಹುದು. ಅವನ ವ್ಯವಹಾರದ ಮಾತು ಕೇಳಿದವರಿಗೆ ಕೇಳಿಸಿದ್ದು ಅರಬ್ಬಿಯೇ.

ಬಾಯಲ್ಲಿ ಓದಿದಾಗಲೂ ಹೀಬ್ರೂವಿಗೆ ಒಂದೇ ಸದ್ದಿರಲಿಲ್ಲ. ವಾರದ ವಿಶ್ರಾಂತಿಯ ದಿನವನ್ನು ಪೂರ್ವ ಯುರೋಪಿನ ಯಹೂದಿಗಳು 'ಶಾಬೆಸ್' ಎಂದರೆ, ಸ್ಪೇನ್ ಮೂಲದವರು 'ಶಬ್ಬಾತ್' ಎಂದರು. ಯೆಮೆನಿನವರು ಅರಬ್ಬರಂತೆ ಗಂಟಲಾಳದ ಅಕ್ಷರಗಳನ್ನೆಲ್ಲ ಬಿಡಿಬಿಡಿಯಾಗಿ ಉಳಿಸಿಕೊಂಡಿದ್ದರು. ಒಂದೇ ಪುಟವನ್ನು ಮೂವರು ಓದಿದರೆ ಹೊರಗಿನವನು ಮೂರು ಭಾಷೆಗಳೆಂದುಕೊಳ್ಳಬಹುದಿತ್ತು.

ರಷ್ಯಾ ಸಾಮ್ರಾಜ್ಯದ ಯಹೂದಿ ಕುಟುಂಬದಲ್ಲಿ 1858ರಲ್ಲಿ ಹುಟ್ಟಿದ ಎಲಿಯೆಜರ್ ಬೆನ್ ಯೆಹೂದಾಗೆ ಹೀಬ್ರೂವನ್ನು ಮನೆಮಾತಾಗಿಸುವ ಹಟ ಹಿಡಿಯಿತು. ಪ್ಯಾರಿಸಿನಲ್ಲಿ ಓದುತ್ತಿದ್ದಾಗ ಕ್ಷಯ ತಗುಲಿ, ಬೆಚ್ಚಗಿನ ಹವೆಗಾಗಿ ಅಲ್ಜೀರ್ಸ್‌ಗೆ ಹೋದ. ಅಲ್ಲಿನ ಯಹೂದಿಗಳೊಂದಿಗೆ ಮಾತಾಡಲು ಇಬ್ಬರಿಗೂ ಬರುತ್ತಿದ್ದ ಭಾಷೆ ಹೀಬ್ರೂವೇ. ಅವರ ಉಚ್ಚಾರ ಅವನಿಗೆ ಹಿಡಿಸಿತು. 1881ರಲ್ಲಿ ಅವನು ಪ್ಯಾಲೆಸ್ಟೀನ್ ತಲುಪಿದ. ಮರುವರ್ಷ ಹುಟ್ಟಿದ ಮಗನ ಕಿವಿಗೆ ಹೀಬ್ರೂ ಹೊರತು ಬೇರೆ ಭಾಷೆ ಬೀಳದಂತೆ ಕಾದ. 1922ರಲ್ಲಿ ಬ್ರಿಟಿಷ್ ಆಡಳಿತ ಇಂಗ್ಲಿಷ್, ಅರಬ್ಬಿಗಳ ಜೊತೆ ಹೀಬ್ರೂವನ್ನೂ ಅಲ್ಲಿನ ಅಧಿಕೃತ ಭಾಷೆಯಾಗಿ ಒಪ್ಪಿತು.

ಶಾಲೆಗಳಿಗೆ ಆರಿಸಿದ್ದು ಸ್ಪೇನ್ ಮೂಲದವರ ಉಚ್ಚಾರವನ್ನು. ಆದರೆ ಕಲಿಸಿದವರಲ್ಲಿ, ಕಲಿತವರಲ್ಲಿ ಬಹುಪಾಲು ಜನ ಪೂರ್ವ ಯುರೋಪಿನವರು. ಅವರ ನಾಲಿಗೆಗೆ ದಕ್ಕಿದ್ದಷ್ಟೇ ಉಳಿಯಿತು. 'ಆಯಿನ್' ಅಕ್ಷರದ ಗಂಟಲ ಸದ್ದು ಹೆಚ್ಚಿನವರ ಬಾಯಲ್ಲಿ ಮಾಯವಾಯಿತು. 'ಹೆತ್' ಅಕ್ಷರ ಗಂಟಲು ಕೆರೆದಂತಹ ಜರ್ಮನ್ 'ಖ್' ಆಯಿತು. 'ರ' ಕಾರ ನಾಲಿಗೆಯ ತುದಿ ಬಿಟ್ಟು ಫ್ರೆಂಚರದರಂತೆ ಹಿಂದೆ ಸರಿಯಿತು. ಎರಡು ಬಗೆಯ 'ತ', ಎರಡು ಬಗೆಯ 'ಕ' ಒಂದೊಂದೇ ಆದವು. ಹೀಗೆ ಅರಬ್ಬಿಗೆ ಹತ್ತಿರದ ಶಬ್ದಗಳು, ಯುರೋಪಿನ ಉಚ್ಚಾರ ಸೇರಿದ ಭಾಷೆಯೊಂದು ರೂಪುಗೊಂಡಿತು. ಮಾತಿನ ನಡುವೆ ಅರಬ್ಬಿಯಿಂದ ಬಂದ 'ಯಲ್ಲಾ', 'ಸಬಾಬಾ' ಬೇರೆ. ರೈಲಿನಲ್ಲಿ ಪಕ್ಕ ಕುಳಿತವನು 'ಖ್' ಹಿಡಿದರೆ ಜರ್ಮನ್ ಅಥವಾ ಡಚ್, 'ರ' ಹಿಡಿದರೆ ಫ್ರೆಂಚ್, 'ಯಲ್ಲಾ' ಹಿಡಿದರೆ ಅರಬ್ಬಿ ಎನ್ನುವುದು ಸಹಜ. 'ಶಲೋಮ್' ಎಂಬ ಪದ ಬಂದರೆ ಮಾತ್ರ ಊಹೆ ಗುರಿ ಮುಟ್ಟೀತು.

ಆ ಗುರುತಿಗಾಗಿ ಜನ ಹಂಬಲಿಸಿದ ಕಾಲವೂ ಇತ್ತು. 1945ರ ಬೇಸಿಗೆಯಲ್ಲಿ ಬ್ರಿಟಿಷ್ ಸೇನೆಯ ಯಹೂದಿ ಬ್ರಿಗೇಡ್ ಇಟಲಿಯ ಗಡಿಯ ತಾರ್ವಿಜಿಯೋದಲ್ಲಿ ಬೀಡುಬಿಟ್ಟಿತ್ತು. ನಾಜಿ ಶಿಬಿರಗಳಿಂದ ಬದುಕಿ ಬಂದವರು ಅಲ್ಲಿಗೆ ಹುಡುಕಿಕೊಂಡು ಬಂದರು. ಅವರಿಗೆ ನಂಬಿಕೆ ಹುಟ್ಟಿಸಿದ್ದು ಸೈನಿಕರ ತೋಳಿನ ದಾವೀದನ ನಕ್ಷತ್ರ, ಅಂದರೆ ಮತ್ತೆ ಕಣ್ಣಿನ ಗುರುತು. ಮಾತು ಬಹುಪಾಲು ಯಿಡ್ಡಿಷ್‌ನಲ್ಲೇ ನಡೆಯಿತು. ಸೈನಿಕರು ದಿನವೂ ಆಡುವ ಹೀಬ್ರೂ ಬಂದವರಲ್ಲಿ ಅನೇಕರಿಗೆ ಹೊಸದು. ಅದೇ ವರ್ಷ ಉತ್ತರ ಇಟಲಿಯ ಸೆಲ್ವಿನೋ ಎಂಬ ಬೆಟ್ಟದೂರಿನಲ್ಲಿ, ಫ್ಯಾಸಿಸ್ಟರು ಮಕ್ಕಳ ಶಿಬಿರಕ್ಕೆಂದು ಕಟ್ಟಿಸಿದ್ದ ಕಟ್ಟಡದಲ್ಲಿ, ಅನಾಥ ಯಹೂದಿ ಮಕ್ಕಳ ಮನೆ ತೆರೆಯಿತು. 1948ರವರೆಗೆ ಸುಮಾರು 800 ಮಕ್ಕಳು ಅಲ್ಲಿ ಉಳಿದುಹೋದರು. ಪೋಲಿಷ್, ಹಂಗೇರಿಯನ್, ಯಿಡ್ಡಿಷ್ ಆಡುತ್ತ ಬಂದವರಿಗೆ ಆ ಮನೆಯ ಭಾಷೆ ಹೀಬ್ರೂ ಆಯಿತು. ಅಪ್ಪ ಅಮ್ಮ ಆಡಿದ ಭಾಷೆಯನ್ನು ಬದಿಗಿಟ್ಟು, ಅವರು ಪ್ರಾರ್ಥಿಸಿದ ಭಾಷೆಯಲ್ಲಿ ಮಕ್ಕಳು ಊಟ ಕೇಳಲು ಕಲಿತರು.

ಹೀಬ್ರೂ ಹೀಗೆ ದಿನಬಳಕೆಯ ಮಾತಾಗಿ ಹೊರನಾಡಿಗೆ ದೊಡ್ಡ ಸಂಖ್ಯೆಯಲ್ಲಿ ಹೊರಟಿದ್ದು ಇನ್ನೂ ತಡವಾಗಿ. 1992ರಲ್ಲಿ ಭಾರತ, ಇಸ್ರೇಲ್ ನಡುವೆ ಪೂರ್ಣ ರಾಜತಾಂತ್ರಿಕ ಸಂಬಂಧ ಏರ್ಪಟ್ಟ ಮೇಲೆ, ಕಡ್ಡಾಯ ಸೇನಾ ಸೇವೆ ಮುಗಿಸಿದ ಇಸ್ರೇಲಿ ಯುವಜನ ಬೆನ್ನಿಗೆ ಚೀಲ ಹಾಕಿಕೊಂಡು ಇಲ್ಲಿಗೆ ಬರತೊಡಗಿದರು. ಹಿಮಾಚಲದ ಕಸೋಲ್, ಗೋವಾ, ಗೋಕರ್ಣ, ಹಂಪಿಯ ಎದುರಿನ ವಿರೂಪಾಪುರ ಗಡ್ಡೆ ಅವರ ತಂಗುದಾಣಗಳಾದವು. ಗಡ್ಡೆಯ ಊಟದ ಪಟ್ಟಿಯಲ್ಲಿ ಹೀಬ್ರೂ ಅಕ್ಷರ ಬಂತು. ತುಂಗಭದ್ರೆಯ ದಡದ ಹೋಟೆಲುಗಳ ಹುಡುಗರು ಚೌಕಾಸಿಗೆ ಬೇಕಾದಷ್ಟು ಹೀಬ್ರೂ ಕಲಿತರು. ರಾಯ್ಖ್‌ಲಿನ್‌ನ ಓದುಗರಿಗೆ ಬಾರದಿದ್ದದ್ದು ಇವರಿಗೆ ಬಂತು: ಬೆನ್ನ ಹಿಂದೆ ಯಾರಾದರೂ ಮಾತಾಡಿದರೆ ತಿರುಗಿ ನೋಡದೆ ಭಾಷೆ ಯಾವುದೆಂದು ಹೇಳುವುದು.

ಗುರುತು ಸಿಗುವುದು ಎಲ್ಲ ಸಲವೂ ಸುಖದ ಮಾತಲ್ಲ. ಮುಂಬಯಿಯ ಕೊಲಾಬಾದ ನಾರಿಮನ್ ಹೌಸ್, ಇಂಥ ಪ್ರಯಾಣಿಕರು ಊಟಕ್ಕೆ, ಪ್ರಾರ್ಥನೆಗೆ ಸೇರುತ್ತಿದ್ದ ಯಹೂದಿ ಕೇಂದ್ರ. 2008ರ ನವೆಂಬರ್ 26ರಂದು ಉಗ್ರರು ಅದನ್ನು ಹುಡುಕಿಕೊಂಡೇ ಬಂದರು. ಕೇಂದ್ರ ನಡೆಸುತ್ತಿದ್ದ ರಬ್ಬಿ, ಅವರ ಪತ್ನಿ ಸೇರಿ ಆರು ಜನ ಅಲ್ಲಿ ಪ್ರಾಣ ಕಳೆದುಕೊಂಡರು. ದಂಪತಿಯ ಎರಡು ವರ್ಷದ ಮಗನನ್ನು ಎತ್ತಿಕೊಂಡು ಹೊರಗೋಡಿ ಉಳಿಸಿದವರು ಅವನನ್ನು ನೋಡಿಕೊಳ್ಳುತ್ತಿದ್ದ ಭಾರತೀಯ ದಾದಿ. ಹೊರದೇಶದ ಬೀದಿಯಲ್ಲಿ ದನಿ ತಗ್ಗಿಸಿ ಮಾತಾಡುವ ಹೀಬ್ರೂ ಭಾಷಿಕನಿಗೆ ಪಕ್ಕದವನ ಊಹೆ ತಪ್ಪುವುದೇ ಒಮ್ಮೊಮ್ಮೆ ನೆಮ್ಮದಿ.

ತೊರೆಸ್‌ನ ಕಾಲದವರು ಹೀಬ್ರೂವಿನ ಹಿರಿಮೆಯೇ ಅದರ ಗುರುತು ಎಂದುಕೊಂಡಿದ್ದರು. ಆದರೆ ಭಾಷೆಯ ಗುರುತು ಸಿಗುವುದು ಅದನ್ನಾಡುವವರ ಜೊತೆ ಇದ್ದು, ತಿಂದು, ಜಗಳಾಡಿದವರಿಗೆ. ಸುಪ್ರೀಂ ಕೋರ್ಟ್ ಆದೇಶದ ಬಳಿಕ 2020ರಲ್ಲಿ ವಿರೂಪಾಪುರ ಗಡ್ಡೆಯ ಅನಧಿಕೃತ ರೆಸಾರ್ಟುಗಳನ್ನು ಕೆಡವಲಾಯಿತು. ಹೀಬ್ರೂ ಬರೆದ ಫಲಕಗಳೂ ಅವುಗಳ ಜೊತೆ ಹೋದವು. ಅಲ್ಲಿ ದುಡಿದವರು ಬೇರೆ ಊರುಗಳಲ್ಲಿ ಕೆಲಸ ಹುಡುಕಿಕೊಳ್ಳಬೇಕಾಯಿತು. ಅವರು ಎಲ್ಲೇ ಇರಲಿ, ಬಸ್ಸಿನಲ್ಲಿ ಹಿಂದಿನ ಸೀಟಿನವರು ಹೀಬ್ರೂ ಆಡಿದರೆ ಅದನ್ನು ಫ್ರೆಂಚ್ ಎಂದುಕೊಳ್ಳಲಾರರು.