ಕೋಡಿ ಬೀಳದ 89 ವರ್ಷ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ತೊಡಗಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಮೊದಲ ಸಲ ಕೋಡಿ ಬಿತ್ತು. ಎರಡನೆಯ ಸಲ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ 89 ವರ್ಷ ಆ ಕೋಡಿ ಇದ್ದ ಸ್ಥಿತಿಗೆ ಏನೆನ್ನಬೇಕು? ಕಚೇರಿಯ ಕನ್ನಡದ ಬಳಿ ಇರುವುದು ಒಂದೇ ಉತ್ತರ: ನಿಷ್ಕ್ರಿಯ. ಇಂಗ್ಲಿಷಿನ ಐಡಲ್, ಡಾರ್ಮಂಟ್, ಇನರ್ಟ್ ಮೂರನ್ನೂ ನಾವು ಈ ಒಂದೇ ಚೀಲಕ್ಕೆ ತುಂಬುತ್ತೇವೆ. ಇದು ಕನ್ನಡದ ಬಡತನವಲ್ಲ, ಬರೆಯುವವರ ಉದಾಸೀನ ಎಂಬುದು ನನ್ನ ವಾದ.

ಐಡಲ್ ಎಂಬುದರ ಹಳೆಯ ಅರ್ಥ ಖಾಲಿ, ಬರಿದು. ಕೆಲಸವಿಲ್ಲದವನನ್ನು ನಾವೂ ‘ಖಾಲಿ ಕೂತಿದ್ದಾನೆ’ ಎನ್ನುತ್ತೇವೆ. ಕೆಲಸ ಕೊಟ್ಟರೆ ಏಳುತ್ತಾನೆ, ಆದ್ದರಿಂದ ಅವನನ್ನು ಸೋಮಾರಿ ಎನ್ನುವಂತಿಲ್ಲ. ಡಾರ್ಮಂಟ್ ನಿದ್ದೆಯಿಂದ ಹುಟ್ಟಿದ ಪದ, ನಮ್ಮ ‘ಸುಪ್ತ’ವೂ ಹಾಗೆಯೇ. ಮಾರಿಕಣಿವೆಯ ಕೋಡಿಗೆ ಸಲ್ಲುವುದು ಈ ಪದ. ಚಿತ್ರದುರ್ಗದ ಬಂಡೆಗೆ ಖಾಲಿ, ಸುಪ್ತ ಎರಡೂ ಸಲ್ಲವು. ಅದು ಜಡ, ಅಂದರೆ ಇನರ್ಟ್. ಮಳೆ ನಂಬಿ ಬದುಕುವ ಹೊಸದುರ್ಗ, ಹೊಳಲ್ಕೆರೆಯಂಥ ಕಡೆ ಈ ವಿವೇಚನೆ ಹೊಟ್ಟೆಪಾಡಿನದು. ಬೀಳು ಬಿಟ್ಟ ಹೊಲ ಬೇರೆ, ಬಂಜರು ಬೇರೆ. ಎರಡರಲ್ಲೂ ಈ ವರ್ಷ ಪೈರಿಲ್ಲ, ನಿಜ. ಆದರೆ ಬೀಳು ನೆಲ ಸಾರ ಕೂಡಿಸಿಕೊಳ್ಳುತ್ತಿರುತ್ತದೆ, ಬಂಜರು ಕೊಡಲಾರದ್ದು. ಎರಡಕ್ಕೂ ‘ಅನುತ್ಪಾದಕ ಭೂಮಿ’ ಎಂದು ಷರಾ ಬರೆದರೆ ರೈತನ ತಿಳಿವನ್ನೇ ಅಳಿಸಿದಂತೆ.

ಎಚ್ಚರವಾದ ಮೇಲಲ್ಲವೇ ಮಲಗಿತ್ತು ಎಂದು ಗೊತ್ತಾಗುವುದು, 2021ರಲ್ಲಿ ಆ ಕೋಡಿಯನ್ನು ಸುಪ್ತ ಎನ್ನಲು ಏನಾಧಾರವಿತ್ತು ಎಂದು ಕೇಳಬಹುದು. ಆಕ್ಷೇಪ ಗಟ್ಟಿಯಾದದ್ದೇ. ಚಿತ್ರದುರ್ಗದ ಪಕ್ಕದ ಇಂಗಳದಾಳವನ್ನು ಎದುರಿಗಿಟ್ಟುಕೊಂಡರೆ ಉತ್ತರ ಸಿಗುತ್ತದೆ. ಅಲ್ಲಿ ಪ್ರಾಚೀನರು ತಾಮ್ರ ತೆಗೆದ ಕುರುಹುಗಳಿವೆ, 20ನೆಯ ಶತಮಾನದಲ್ಲಿ ಮತ್ತೆ ಗಣಿ ನಡೆಯಿತು, ಆಮೇಲೆ ಮುಚ್ಚಿತು. ಅದು ಮತ್ತೆ ನಡೆಯಬೇಕಾದರೆ ಹಣ, ಯಂತ್ರ, ಆಳು ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಕೋಡಿಗೆ ಬೇಕಾದದ್ದು 130 ಅಡಿ ನೀರು ಮಾತ್ರ. ಅದರ ಮಟ್ಟ, ಹರಿವಿನ ದಾರಿ 1907ರಲ್ಲೇ ಸಿದ್ಧವಾಗಿದ್ದವು. ಆದ್ದರಿಂದ ಎಷ್ಟು ಕಾಲ ಸುಮ್ಮನಿತ್ತು ಎಂದಲ್ಲ, ಮತ್ತೆ ನಡೆಯಲು ಏನು ಬೇಕು ಎಂದು ಕೇಳಬೇಕು. ಇನ್ನೊಂದು ಮಾತು: ಕೋಡಿ ಒಣಗಿದ್ದ ವರ್ಷಗಳಲ್ಲೂ ಅಣೆಕಟ್ಟೆಯ ನಾಲೆಗಳು ಹಿರಿಯೂರಿನ ತೋಟ ಗದ್ದೆಗಳಿಗೆ ನೀರುಣಿಸಿದವು. ಕೋಡಿಯ ಮೌನವನ್ನು ಇಡೀ ಅಣೆಕಟ್ಟೆಯ ಸೋಲೆಂದು ಓದಿದವರು ತಪ್ಪಿದ್ದು ಇಲ್ಲೇ.

ಹೊಲದ ಮಾತು ಬ್ಯಾಂಕಿನ ಖಾತೆಗೆ ಒಗ್ಗದು ಎನ್ನುವವರಿದ್ದಾರೆ. ಇಂಗ್ಲಿಷರು ಮಲಗಿದ ಮೈಯ ಪದವನ್ನೇ ಜ್ವಾಲಾಮುಖಿಗೂ ಖಾತೆಗೂ ಒಗ್ಗಿಸಿಕೊಂಡರು. ಬಳಸಿದ್ದರಿಂದಲೇ ಅದು ಒಗ್ಗಿತು. ಕನ್ನಡದಲ್ಲಿ ನಮೂನೆ, ಸುತ್ತೋಲೆ ಬರೆಯುವವರು ನಿಷ್ಕ್ರಿಯ ಎಂದು ಬರೆಯುವ ಮುನ್ನ ಖಾಲಿಯೋ, ಸುಪ್ತವೋ, ಜಡವೋ ಎಂದು ಒಮ್ಮೆ ಕೇಳಿಕೊಳ್ಳಲಿ. ಮಾರಿಕಣಿವೆಯ ಕೋಡಿ 2025ರ ಜನವರಿಯಲ್ಲಿ ಮೂರನೆಯ ಸಲ ಬಿತ್ತು.