ಟಿ. ಎಸ್. ಸತ್ಯನ್ನರ ಛಾಯಾಚಿತ್ರಗಳ ಚಾರಿತ್ರಿಕ ಪ್ರಾಮಾಣ್ಯ

ಪ್ರಾಚೀನ ಅರಸರ ಚರಿತ್ರೆಗೆ ಶಾಸನಗಳು ಹೇಗೋ ಹಾಗೆ ಇಪ್ಪತ್ತನೆಯ ಶತಮಾನದ ರಾಷ್ಟ್ರನಾಯಕರ ಚರಿತ್ರೆಗೆ ಪತ್ರಿಕಾ ಛಾಯಾಚಿತ್ರಗಳೂ ಒಂದು ಆಧಾರ. ಕನ್ನಡಿಗರಲ್ಲಿ ಇಂತಹ ಸಾಮಗ್ರಿಯನ್ನು ವಿಪುಲವಾಗಿ ಒದಗಿಸಿದವರೊಳಗೆ ಟಿ. ಎಸ್. ಸತ್ಯನ್ನರು ಗಣ್ಯರು.

ಇವರು 1923ರಲ್ಲಿ ಮೈಸೂರಿನಲ್ಲಿ ಜನಿಸಿ, ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪಿತವಾದ ಡೆಕ್ಕನ್ ಹೆರಾಲ್ಡ್‌ನಲ್ಲಿಯೂ, ತರುವಾಯ ಮುಂಬಯಿಯ ಇಲ್ಲಸ್ಟ್ರೇಟೆಡ್ ವೀಕ್ಲಿಯಲ್ಲಿಯೂ ಕೆಲಸಮಾಡಿ, ಅನಂತರ ಸ್ವತಂತ್ರರಾಗಿ ಟೈಮ್, ಲೈಫ್ ಮುಂತಾದ ಪತ್ರಿಕೆಗಳಿಗೆ ಚಿತ್ರಗಳನ್ನು ಕಳುಹಿದರು. ಜವಾಹರಲಾಲ ನೆಹರೂ ಮೊದಲಾದವರನ್ನು ಇವರು ಚಿತ್ರಿಸಿದರು.

ಆಸ್ಥಾನದ ಭಾವಚಿತ್ರದಲ್ಲಿ ಭಂಗಿಯನ್ನು ನಿಶ್ಚಯಿಸುವವನು ಪ್ರಭು. ಪತ್ರಿಕಾಚಿತ್ರದಲ್ಲಿ ಕ್ಷಣವನ್ನು ಆರಿಸುವವನು ಚಿತ್ರಕಾರ. ಆದರೆ ನಾಯಕನೂ ಕ್ಯಾಮೆರಾವನ್ನು ಅರಿತವನೇ. ಆದುದರಿಂದ ಸಹಜವೆಂದು ತೋರುವ ಚಿತ್ರವನ್ನೂ ಪರೀಕ್ಷಿಸದೆ ಪ್ರಮಾಣವೆಂದು ಸ್ವೀಕರಿಸಲಾಗದು.

ಈ ಪರೀಕ್ಷೆಗೆ ಸತ್ಯನ್ನರ ಇತರ ಚಿತ್ರಗಳೇ ಒರೆಗಲ್ಲು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬಿನ ನಿರ್ಮೂಲನ ಕಾರ್ಯವನ್ನು ಇವರು ಚಿತ್ರಿಸಿದರು. ಯುನಿಸೆಫ್‌ಗಾಗಿ ತೆಗೆದ ಮಕ್ಕಳ ಚಿತ್ರಗಳು ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದುವು. ವೇದಿಕೆಯ ಮೇಲಿನವರನ್ನು ನೋಡಿದ ಕಣ್ಣೇ ಅವರ ಆಳ್ವಿಕೆಗೆ ಒಳಪಟ್ಟವರನ್ನೂ ನೋಡಿತು. ನಾಯಕರ ಚಿತ್ರಗಳನ್ನು ಮಾತ್ರ ಬೇರ್ಪಡಿಸಿ ಸಂಕಲಿಸಿದರೆ ಆಳಿದವರ ಮುಖಗಳು ಉಳಿದು, ಆಳಿಸಿಕೊಂಡವರ ಬದುಕು ಮರೆಯಾಗುವುದು.

1977ರಲ್ಲಿ ಪದ್ಮಶ್ರೀ ಪಡೆದ ಸತ್ಯನ್ನರು 2009ರಲ್ಲಿ ಮೈಸೂರಿನಲ್ಲಿಯೇ ನಿಧನರಾದರು. ತಿಥಿಯೂ ಸ್ಥಳವೂ ಲುಪ್ತವಾದ ಶಾಸನದಿಂದ ಚರಿತ್ರಕಾರನಿಗೆ ಎಷ್ಟು ತೊಡಕೋ, ಕಾಲ, ಸ್ಥಳ, ಚಿತ್ರಕಾರರ ಹೆಸರು ಇಲ್ಲದ ಛಾಯಾಚಿತ್ರದಿಂದಲೂ ಅಷ್ಟೇ ತೊಡಕು. ಇಂತಹ ಚಿತ್ರಗಳನ್ನು ಈ ವಿವರಗಳೊಡನೆ ಸಮಗ್ರವಾಗಿ ರಕ್ಷಿಸುವುದು ವಿದ್ವತ್ಸಂಸ್ಥೆಗಳ ಕರ್ತವ್ಯವಾಗಿದೆ.