ಚುಕ್ಕಿ ಉಳಿಯಿತು, ಗೆರೆ ಹೋದ ದಾರಿ?

ನಮ್ಮ ಅವ್ವನ ರಂಗೋಲಿ ಪುಸ್ತಕದಲ್ಲಿ ಚಿತ್ರಗಳಿಗಿಂತ ಅಂಕಿಗಳೇ ಹೆಚ್ಚು. ‘15 ಚುಕ್ಕಿ, ಸಂದು, 8ರ ತನಕ’ ಎಂದು ಬರೆದರೆ ಮುಗಿಯಿತು. ನಿಮಗೆ ಬಿಡಿಸಿ ಹೇಳಬೇಕಿಲ್ಲ: ನಡುಸಾಲಿಗೆ 15 ಇಟ್ಟು, ಮೇಲೂ ಕೆಳಗೂ ಸಂದಿನಲ್ಲಿ ಒಂದೊಂದೇ ಕಡಿಮೆ ಮಾಡುತ್ತ 8ಕ್ಕೆ ನಿಲ್ಲಿಸುವುದು. ಎಣಿಸಿದರೆ 169 ಚುಕ್ಕಿ. ಅಷ್ಟನ್ನೂ ಅವ್ವ ಅರ್ಧ ಸಾಲಿನಲ್ಲಿ ಕಟ್ಟಿಟ್ಟಿದ್ದಳು. ಬಡತನದ ಕಾಗದ ಉಳಿತಾಯವೆಂದು ನಾನು ಭಾವಿಸಿದ್ದೆ.

ದೇವದುರ್ಗದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಗೆರೆ ಎಳೆಯುವ ‘ಆಮೆ’ಯನ್ನು ಅವಳು ತೋರಿಸಿದಳು. ಮುಂದೆ ಹೋಗು, ತಿರುಗು, ಪೆನ್ನು ಎತ್ತು ಎಂದರೆ ಅದು ಹಾಗೇ ಮಾಡುತ್ತದೆ. ಈ ಆಮೆಯ ಮೂಲ, 1967ರಲ್ಲಿ ಅಮೆರಿಕದಲ್ಲಿ ಸಿಂಥಿಯಾ ಸಾಲೊಮನ್, ಸೆಮೋರ್ ಪೇಪರ್ಟ್ ಮುಂತಾದವರು ಮಕ್ಕಳಿಗಾಗಿ ಮಾಡಿದ ಲೋಗೋ ಭಾಷೆ. (ಅದರಲ್ಲೊಬ್ಬ ಹೆಣ್ಣುಮಗಳಿದ್ದಳೆಂದು ಯಾರೂ ಹೇಳುವುದೇ ಇಲ್ಲ.)

“ಟೀಚರ್, ಇದು ಹಾಕಿದ ಹೆಜ್ಜಿ ಎಲ್ಲಾ ನೆನಪಿಡ್ತದ್ರಿ,” ಎಂದಳು. ತಪ್ಪಿದರೆ ಕೊನೆಯ ಹೆಜ್ಜೆಯನ್ನಷ್ಟೇ ಹಿಂದಕ್ಕೆ ತೆಗೆಯಬಹುದು. ನಾವಾದರೆ ಸೆರಗಿನಿಂದಲೋ ಅಂಗೈಯಿಂದಲೋ ಒರೆಸುತ್ತೇವೆ, ಪಕ್ಕದ ಗೆರೆಯೂ ಹೋಗುತ್ತದೆ. ಆದರೆ ಆಮೆಯ ನೆನಪಿಗೂ ಮಿತಿಯುಂಟು. ನಾವು ಬೇರೆ ಹೇಳದಿದ್ದರೆ 1000 ಹೆಜ್ಜೆ; ಮುಂದಿನದು ಬಂದಂತೆ ಹಳೆಯದು ಉದುರುತ್ತದೆ. ಹೆಜ್ಜೆಗಳ ಪಟ್ಟಿಯನ್ನು ನಾವೇ ಬೇರೆ ಬರೆದಿಟ್ಟುಕೊಂಡರೆ ಅಳತೆ ಬದಲಿಸಿ ಅಂಗಳದಷ್ಟು ದೊಡ್ಡದಾಗಿ ಮತ್ತೆ ಹಾಕಿಸಬಹುದು. ಹಿಗ್ಗಿಸಿದ ಫೋಟೋದಂತೆ ಗೆರೆ ಮಸುಕಾಗುವುದಿಲ್ಲ.

ರಂಗೋಲಿಯನ್ನೂ ಕಂಪ್ಯೂಟರನ್ನೂ ಕೂಡಿಸಿ ನೋಡಿದವರು ನಮ್ಮಲ್ಲೇ ಇದ್ದರು. ಮದ್ರಾಸಿನ ಗಿಫ್ಟ್ ಸಿರೋಮನಿ, ಅವರ ಪತ್ನಿ ರಾಣಿ ಸಿರೋಮನಿ, ಕಮಲಾ ಕೃತಿವಾಸನ್, ಈ ಮೂವರು 1974ರಲ್ಲಿ ತಮಿಳರ ಕೋಲಂ ಹಿಂದಿನ ನಿಯಮಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಮುಂದೆ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು ಎಳೆ ಕೋಲಂ ಅನ್ನು ಬೆರಳಿನ ಚಲನೆಗಳಾಗಿ ಬಿಡಿಸಿದರು: ನೇರ ಹೋಗು, ತಿರುಗು, ಸುತ್ತು ಹಾಕು. ಬಾಗಿಲ ಮುಂದಿನ ಕೆಲಸ ಕಂಪ್ಯೂಟರ್ ವಿಜ್ಞಾನದ ಪತ್ರಿಕೆ ಸೇರಿದ್ದು ಹೀಗೆ.

ಅವ್ವನ ಪುಸ್ತಕಕ್ಕೆ ಮರಳಿದಾಗ ನನಗೆ ಕೊರತೆ ಕಂಡಿತು. ಚುಕ್ಕಿ ಇಡುವ ಕ್ರಮವಿದೆ, ಗೆರೆ ಕೂಡಿಸುವ ಕ್ರಮವಿಲ್ಲ. ಅದು ಅವಳ ಕೈಯಲ್ಲಿತ್ತು, ಅವಳೊಂದಿಗೆ ಹೋಯಿತು. ಕಮಲದ ಚಿತ್ರ ಒಂದೆರಡಿವೆ, ನಿಜ. ಮುಗಿದ ಚಿತ್ರವು ಎಲ್ಲಿ ಶುರುಮಾಡಿದಳು, ಎಲ್ಲಿ ಕೈ ಎತ್ತಿದಳು ಎಂಬುದನ್ನು ಹೇಳುವುದಿಲ್ಲ.

ಮಾನ್ವಿಯಲ್ಲಿ ಚಿಕ್ಕವ್ವ ಇದ್ದಾಳೆ. ಆಕೆಗೂ ಅದೇ ಕಮಲ ಬರುತ್ತದೆ. ನಿಧಾನ ಹಾಕು ಎಂದರೆ ಅರ್ಧಕ್ಕೇ ಮರೆಯುತ್ತಾಳೆ. “ಅದನೇನ್ ಬರಕೋತಿ ತಂಗಿ, ಕೈ ತಾನ ಹೋಗ್ತದ,” ಎನ್ನುತ್ತಾಳೆ. ಅದಕ್ಕೇ ಎರಡು ಸಲ ಹಾಕಿಸುತ್ತೇನೆ, ಒಮ್ಮೆ ನೋಡಲು, ಇನ್ನೊಮ್ಮೆ ಬರೆಯಲು. ಇದುವರೆಗೆ 22 ಹೆಜ್ಜೆ ಆಗಿವೆ. ಮೂಲೆಯ ಎರಡು ದಳ ಉಳಿದಿವೆ.